ಕೆಲಸ ಎಲ್ಲಿಗೆ ಹೋಯಿತು?

ಪಹಣಿಯಲ್ಲಿ ಬೆಳೆಯ ವಿವರಕ್ಕೆಂದು ಒಂದು ಕಾಲಂ ಇದೆ. ಈ ಹಂಗಾಮಿನಲ್ಲಿ ಜಮೀನಿನಲ್ಲಿರುವುದು ರಾಗಿಯೋ ತೊಗರಿಯೋ, ಎಷ್ಟು ಗುಂಟೆಯಲ್ಲಿ, ನೀರಾವರಿಯೋ ಖುಷ್ಕಿಯೋ ಎಂಬುದೆಲ್ಲ ಅಲ್ಲಿ ದಾಖಲಾಗಬೇಕು. ಬೆಳೆ ಸಾಲ, ಬೆಳೆ ವಿಮೆ, ಬರ ಪರಿಹಾರ ಎಲ್ಲಕ್ಕೂ ಆ ಕಾಲಮ್ಮೇ ಆಧಾರ. ಒಂದು ಕಾಲದಲ್ಲಿ ಅದನ್ನು ತುಂಬುತ್ತಿದ್ದವರು ಊರಿನ ಶಾನುಭೋಗರು. ತಂದೆಯಿಂದ ಮಗನಿಗೆ ಬರುತ್ತಿದ್ದ ಆ ಹುದ್ದೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಹೋದ ಮೇಲೆ ಸರ್ಕಾರಿ ಸಂಬಳದ ಗ್ರಾಮ ಲೆಕ್ಕಿಗರು ತುಂಬಿದರು. 2020ರ ಮುಂಗಾರಿನಿಂದ ರೈತರೇ ತಮ್ಮ ಮೊಬೈಲಿಗೆ ಬೆಳೆ ಸಮೀಕ್ಷೆಯ ಆ್ಯಪ್ ಹಾಕಿಕೊಂಡು, ಸರ್ವೆ ನಂಬರಿನ ಗಡಿಯೊಳಗೆ ನಿಂತು ಫೋಟೊ ತೆಗೆದು ಕಳಿಸಬಹುದಾಗಿದೆ. ಕಾಗದದ ಜಾಗಕ್ಕೆ ಕಂಪ್ಯೂಟರ್ ಬಂತು, ಕಂಪ್ಯೂಟರಿಗೆ ಉಪಗ್ರಹದ ನೆರವೂ ಸಿಕ್ಕಿತು. ಇಷ್ಟಾದರೂ ಯಾರಾದರೊಬ್ಬರು ಹೊಲಕ್ಕೆ ಹೋಗಿ ಏನು ಬೆಳೆದಿದೆ ಎಂದು ನೋಡಿ ಹೇಳುವ ಕೆಲಸ ಉಳಿದೇ ಇದೆ. ಅದನ್ನು ಮಾಡುವವರು ಬದಲಾಗಿದ್ದಾರೆ, ಅಷ್ಟೆ. ಮೊದಲಿನ ಇಬ್ಬರಿಗೆ ಆ ಕೆಲಸಕ್ಕೆ ಪ್ರತಿಫಲವಿತ್ತು, ಮೂರನೆಯವರಿಗೆ ಇಲ್ಲ. ಹೊಸ ಯಂತ್ರ ಬಂದಾಗಲೆಲ್ಲ ನಾವು ಮೊದಲು ಕೇಳುವುದು ಎಷ್ಟು ಜನರ ಕೆಲಸ ಹೋಯಿತು ಎಂದು. ಆದರೆ ಹೋದ ಕೆಲಸ ಯಾರ ಮೇಜಿಗೆ ಹೋಗಿ ಕೂತಿತು, ಅದರ ಜತೆ ಸಂಬಳವೂ ಅಧಿಕಾರವೂ ಹೋದವೇ ಎಂದು ಹುಡುಕಿದರೆ ಹೆಚ್ಚು ತಿಳಿಯುತ್ತದೆ ಎಂಬುದು ಈ ಅಧ್ಯಾಯದ ವಾದ.

ಪಹಣಿಯ ಕಥೆಯನ್ನೇ ಇನ್ನಷ್ಟು ಹತ್ತಿರದಿಂದ ನೋಡೋಣ, ಏಕೆಂದರೆ ತಂತ್ರಜ್ಞಾನ ಒಂದು ವೃತ್ತಿಯನ್ನು ಹೇಗೆ ಬಿಡಿಸಿ ಮತ್ತೆ ಹೆಣೆಯುತ್ತದೆ ಎನ್ನುವುದಕ್ಕೆ ಇಷ್ಟು ಸ್ಪಷ್ಟ ಉದಾಹರಣೆ ಬೇರೆಡೆ ಸುಲಭವಾಗಿ ಸಿಗದು. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ ಬರುವ ಮುಂಚೆ ಕರ್ನಾಟಕದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರಿದ್ದರು. ಒಬ್ಬೊಬ್ಬರಿಗೆ ಮೂರ್ನಾಲ್ಕು ಹಳ್ಳಿ. ಸುಮಾರು 67 ಲಕ್ಷ ಭೂಮಾಲೀಕರ ಎರಡು ಕೋಟಿಯಷ್ಟು ದಾಖಲೆಗಳು ಅವರ ಕೈಬರಹದಲ್ಲಿ, ಅವರ ಪೆಟ್ಟಿಗೆಯಲ್ಲಿ ಇದ್ದವು. ಪಹಣಿ ಬೇಕೆಂದರೆ ಅವರನ್ನು ಹುಡುಕಿಕೊಂಡು ಹೋಗಬೇಕು, ಅವರು ಸಿಕ್ಕ ದಿನ ಸಿಕ್ಕಿತು. 2000ದ ಆಸುಪಾಸಿನ ಎರಡು-ಮೂರು ವರ್ಷಗಳಲ್ಲಿ ಈ ದಾಖಲೆಗಳೆಲ್ಲ ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಬಂದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು, ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಕೈಗೆ ಬಂತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂದು ಕಂಪ್ಯೂಟರೇ ಕಟ್ಟುನಿಟ್ಟು ಮಾಡಿತು, ಮತ್ತು ಯಾವ ಬದಲಾವಣೆಯನ್ನು ಯಾವ ಅಧಿಕಾರಿ ಮಾಡಿದರು ಎಂಬುದಕ್ಕೆ ಅವರ ಬೆರಳಚ್ಚು ಸಾಕ್ಷಿಯಾಯಿತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಬಳಕೆದಾರರನ್ನು ಕೇಳಿದಾಗ, ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟಿದ್ದೆವು ಎಂದವರು ಮೂವರಲ್ಲಿ ಇಬ್ಬರು. ಹೊಸ ಕೌಂಟರಿನಲ್ಲಿ ಕೊಟ್ಟೆವು ಎಂದವರು ನೂರರಲ್ಲಿ ಮೂವರು. ಇದು ಸಣ್ಣ ಸಾಧನೆಯಲ್ಲ. ಮುಂದಿನ ಮಾತುಗಳು ಟೀಕೆಯಂತೆ ಕೇಳಬಹುದಾದ್ದರಿಂದ ಇದನ್ನು ಇಲ್ಲೇ ಒಪ್ಪಿಕೊಂಡುಬಿಡುವುದು ಲೇಸು.

ಲೆಕ್ಕಿಗರ ಪೆಟ್ಟಿಗೆಯೊಳಗೆ ಕಾಗದದ ಜತೆ ಇನ್ನೊಂದು ವಸ್ತುವೂ ಇತ್ತು: ಊರಿನ ಜಮೀನಿನ ಜ್ಞಾನ. ಯಾವ ಅಣ್ಣತಮ್ಮಂದಿರು ಕಾಗದದಲ್ಲಿ ಒಂದಾಗಿದ್ದು ಹೊಲದಲ್ಲಿ ಬೇರೆಯಾಗಿದ್ದಾರೆ, ಯಾವ ಬದು ಹತ್ತು ವರ್ಷದ ಹಿಂದೆ ಸರಿಯಿತು, ಯಾರ ಗೇಣಿ ಬಾಯಿಮಾತಿನದು ಎಂಬುದೆಲ್ಲ ಅದರಲ್ಲಿ ಸೇರಿತ್ತು. ಆ ಜ್ಞಾನ ಲಂಚಕ್ಕೂ ದಾರಿಯಾಗಿತ್ತು, ರಾಜಿಪಂಚಾಯ್ತಿಗೂ ಆಧಾರವಾಗಿತ್ತು. ದಾಖಲೆ ತಾಲ್ಲೂಕಿಗೆ ಹೋದಾಗ ಕಾಗದ ಹೋಯಿತು, ಈ ಜ್ಞಾನ ಹಳ್ಳಿಯಲ್ಲೇ ಉಳಿಯಿತು. ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ತಕರಾರು ಇದೇ ದಿಕ್ಕಿನದು. ದಾಖಲೆ ಒಂದೆಡೆ ಸೇರಿದ್ದರಿಂದ ಸಣ್ಣ ರೈತನಿಗಿಂತ ಬೆಂಗಳೂರು ಸುತ್ತಿನ ದೊಡ್ಡ ಭೂವ್ಯವಹಾರದವರಿಗೆ ಅನುಕೂಲವಾಯಿತು, ಲಂಚ ನಿಂತುಹೋಗುವ ಬದಲು ಮೇಲಿನ ಹಂತಕ್ಕೆ ಏರಿತು ಎಂದು ಅವರು ವಾದಿಸಿದರು. ಪಬ್ಲಿಕ್ ಅಫೇರ್ಸ್ ಸೆಂಟರಿನ ಮತ್ತು ಇವರ ಅಧ್ಯಯನಗಳು ಪರಸ್ಪರ ವಿರುದ್ಧವಾಗಿ ಕಾಣುತ್ತವೆ. ನನಗೆ ಹಾಗೆನಿಸುವುದಿಲ್ಲ. ಒಂದು ಕೌಂಟರಿನ ಮುಂದೆ ನಿಂತು ಪ್ರತಿ ಪಡೆಯುವ ಕೆಲಸವನ್ನು ಅಳೆಯಿತು, ಇನ್ನೊಂದು ಕೌಂಟರಿನ ಹಿಂದೆ ತೀರ್ಮಾನವಾಗುವ ಅಧಿಕಾರವನ್ನು ಹಿಂಬಾಲಿಸಿತು. ಇನ್ನು ಲೆಕ್ಕಿಗರ ಹುದ್ದೆಯೇನೂ ಅಳಿಯಲಿಲ್ಲ. ಅದರ ಹೆಸರು ಗ್ರಾಮ ಆಡಳಿತಾಧಿಕಾರಿ ಎಂದಾಯಿತು, ಬರವಣಿಗೆ ಕಡಿಮೆಯಾದ ಜಾಗದಲ್ಲಿ ಆ್ಯಪ್‌ಗಳು ಬಂದು ಕೂತವು. 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದಾಗ ಮುಂದಿಟ್ಟ ದೂರುಗಳಲ್ಲಿ ಮುಖ್ಯವಾದದ್ದು ಇದೇ: ಹತ್ತಾರು ಆ್ಯಪ್‌ಗಳಲ್ಲಿ ಕೆಲಸ ಮಾಡಿಸುತ್ತೀರಿ, ಅದಕ್ಕೆ ಬೇಕಾದ ಮೊಬೈಲು, ಲ್ಯಾಪ್‌ಟಾಪು, ಕೂರಲು ಕುರ್ಚಿ-ಮೇಜು ಕೊಟ್ಟಿಲ್ಲ. ಇಪ್ಪತ್ತು ವರ್ಷದ ಹಿಂದೆ ಕಂಪ್ಯೂಟರ್ ಈ ಹುದ್ದೆಯ ಮೂಲಕಸುಬನ್ನು ತೆಗೆದುಕೊಂಡಿತ್ತು. ಈಗ ಆ ನೌಕರರ ಅಳಲು ಕೆಲಸ ಇಲ್ಲವೆಂದಲ್ಲ, ವಿಪರೀತವಾಯಿತೆಂದು.

ಬ್ಯಾಂಕಿನ ಕ್ಯಾಷಿಯರ್ ಕಥೆ ಅರ್ಥಶಾಸ್ತ್ರಜ್ಞರಿಗೆ ಬಲು ಪ್ರಿಯ. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕಿನ ಮೊದಲ ಎಟಿಎಂ ತೆರೆಯಿತು. ಅದರ ರೂವಾರಿ ಜಾನ್ ಶೆಫರ್ಡ್-ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ ಎಂಬುದು ಕ್ವಿಜ್ ಸ್ಪರ್ಧೆಗಳಿಗೆ ಒದಗುವ ಸಂಗತಿ. ಅಮೆರಿಕದಲ್ಲಿ ಈ ಯಂತ್ರ ಹರಡಿದ ಪರಿಯನ್ನು ಅರ್ಥಶಾಸ್ತ್ರಜ್ಞ ಜೇಮ್ಸ್ ಬೆಸೆನ್ ಲೆಕ್ಕ ಹಾಕಿ ತೋರಿಸಿದ್ದಾರೆ. 1988ರಿಂದ 2004ರ ನಡುವೆ ನಗರದ ಒಂದು ಶಾಖೆಗೆ ಬೇಕಾದ ಕ್ಯಾಷಿಯರುಗಳು ಸರಾಸರಿ 20ರಿಂದ 13ಕ್ಕೆ ಇಳಿದರು. ಶಾಖೆ ನಡೆಸುವ ಖರ್ಚು ತಗ್ಗಿದ್ದರಿಂದ ಬ್ಯಾಂಕುಗಳು ನಗರಗಳಲ್ಲಿ ಶಾಖೆಗಳನ್ನು ಶೇ. 40ಕ್ಕಿಂತ ಹೆಚ್ಚಿಸಿದವು, ಒಟ್ಟು ಕ್ಯಾಷಿಯರುಗಳ ಸಂಖ್ಯೆ ಕಡಿಮೆಯಾಗಲಿಲ್ಲ. ಹೆದರಬೇಡಿ ಎಂದು ಹೇಳುವವರು ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. 2010ರ ನಂತರ, ಮೊಬೈಲ್ ಬ್ಯಾಂಕಿಂಗ್ ಬಂದ ಮೇಲೆ, ಅಲ್ಲಿ ಶಾಖೆಗಳೂ ಕ್ಯಾಷಿಯರುಗಳೂ ಕಡಿಮೆಯಾದದ್ದನ್ನು ಹೇಳುವುದಿಲ್ಲ. ಹೆದರಿಸುವವರು ಕೊನೆಯ ಭಾಗವನ್ನಷ್ಟೇ ಹೇಳುತ್ತಾರೆ. ಇಬ್ಬರೂ ತಲೆ ಎಣಿಸುತ್ತಿದ್ದಾರೆ, ಕೆಲಸವನ್ನಲ್ಲ. ನಮ್ಮಲ್ಲಿ ನೋಟು ಮುಟ್ಟುವ ಕೆಲಸ ಎಲ್ಲಿಗೆ ಹೋಯಿತು ಎಂದು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಅದು ಪಿಂಚಣಿಯುಳ್ಳ, ಯೂನಿಯನ್ ಇರುವ ಕ್ಯಾಷಿಯರಿಂದ ಎಟಿಎಂಗೆ ಹಣ ತುಂಬುವ ವ್ಯಾನಿನ ಗುತ್ತಿಗೆ ನೌಕರನಿಗೆ ಹೋಯಿತು, ಬಾಗಿಲಲ್ಲಿ ರಾತ್ರಿಯಿಡೀ ಕೂರುವ ಕಾವಲುಗಾರನಿಗೆ ಹೋಯಿತು. ಬರೆಯುವ ಕೆಲಸ ಗ್ರಾಹಕನಿಗೇ ಬಂತು: ಖಾತೆ ನಂಬರು ಒತ್ತುವವನು ಅವನೇ, ಮೊತ್ತ ನೋಡಿ ಖಚಿತಪಡಿಸುವವನೂ ಅವನೇ. 2016ರಲ್ಲಿ ಶುರುವಾದ ಯುಪಿಐ 2023ರ ಆಗಸ್ಟಿನ ಒಂದೇ ತಿಂಗಳಲ್ಲಿ 1,000 ಕೋಟಿ ವಹಿವಾಟು ದಾಟಿತು. ಅಷ್ಟು ವಹಿವಾಟನ್ನು ಕೌಂಟರಿನಲ್ಲಿ ನಡೆಸಲು ಎಷ್ಟು ಲಕ್ಷ ಜನ ಬೇಕಾಗುತ್ತಿತ್ತೋ! ಹಾಗೆಂದು ಆ ದುಡಿಮೆಯನ್ನು ಪೂರ್ತಿ ಯಂತ್ರವೇ ಮಾಡಿದೆ ಎನ್ನುವಂತಿಲ್ಲ. ಚೂರುಚೂರಾಗಿ ಕೋಟ್ಯಂತರ ಜನರ ಹೆಬ್ಬೆರಳಿಗೆ ಹಂಚಿಹೋಗಿದೆ. ಇದು ಬಹುಪಾಲು ಸುಖದ ಹಂಚಿಕೆ. ತಪ್ಪು ಖಾತೆಗೆ ಹಣ ಹೋದ ದಿನ ಮಾತ್ರ ತಾನು ಸಂಬಳವಿಲ್ಲದ ಕ್ಯಾಷಿಯರ್ ಎಂಬುದು ಗ್ರಾಹಕನಿಗೆ ನೆನಪಾಗುತ್ತದೆ.

ಆಸ್ಪತ್ರೆಯಲ್ಲಿ ಕೆಲಸದ ಈ ಸ್ಥಳಾಂತರ ಇನ್ನೂ ಸೂಕ್ಷ್ಮ. ಸಕ್ಕರೆ ಕಾಯಿಲೆಯವರ ಅಕ್ಷಿಪಟಲದ ಫೋಟೊ ನೋಡಿ ದೃಷ್ಟಿಗೆ ಅಪಾಯವಿದೆಯೇ ಎಂದು ಹೇಳುವ ತಂತ್ರಾಂಶವನ್ನು ಗೂಗಲ್ ರೂಪಿಸಿತು, ಪ್ರಯೋಗಾಲಯದಲ್ಲಿ ಅದು ನೇತ್ರತಜ್ಞರ ಸರಿಸಮ ನಿಂತಿತು. ಥಾಯ್ಲೆಂಡಿನಲ್ಲಿ ಸುಮಾರು 45 ಲಕ್ಷ ಸಕ್ಕರೆ ಕಾಯಿಲೆಯವರಿಗೆ ಅಕ್ಷಿಪಟಲ ತಜ್ಞರು 200ರಷ್ಟು ಮಾತ್ರ ಇದ್ದರು. ದಾದಿ ತೆಗೆದ ಫೋಟೊ ದೂರದ ವೈದ್ಯರನ್ನು ತಲುಪಿ ವರದಿ ಬರಲು ವಾರಗಟ್ಟಲೆ ಬೇಕಾಗುತ್ತಿತ್ತು. ಇದಕ್ಕಿಂತ ಹೇಳಿ ಮಾಡಿಸಿದ ಜಾಗ ಸಿಗುವುದಿಲ್ಲ. ಆದರೆ ಅಲ್ಲಿನ ಹನ್ನೊಂದು ಚಿಕಿತ್ಸಾಲಯಗಳಲ್ಲಿ ನಿಜವಾಗಿ ಏನಾಯಿತೆಂದು ಗೂಗಲ್‌ನ ಸಂಶೋಧಕರೇ 2020ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂತ್ರಾಂಶಕ್ಕಿಂತ ದಾದಿಯರ ಕಥೆ ಹೆಚ್ಚು. ಕೋಣೆ ಕತ್ತಲಾಗಿಲ್ಲದಿದ್ದರೆ ಫೋಟೊ ಮಸುಕಾಗುತ್ತದೆ. ಐದರಲ್ಲಿ ಒಂದಕ್ಕಿಂತ ಹೆಚ್ಚು ಫೋಟೊಗಳನ್ನು ತಂತ್ರಾಂಶ ‘ಆಗದು’ ಎಂದು ತಿರಸ್ಕರಿಸಿತು. ತಮ್ಮ ಕಣ್ಣಿಗೇ ಸ್ಪಷ್ಟವಾಗಿ ಕಂಡದ್ದನ್ನು ಯಂತ್ರ ಒಪ್ಪದಾಗ ದಾದಿಯರು ಮತ್ತೆ ಮತ್ತೆ ಫೋಟೊ ತೆಗೆದರು, ನಿಧಾನದ ಇಂಟರ್ನೆಟ್ಟಿಗೆ ಕಾದರು, ಸುಮ್ಮನೆ ಒಂದು ದಿನದ ದುಡಿಮೆ ಬಿಟ್ಟು ದೂರದ ಆಸ್ಪತ್ರೆಗೆ ಹೋಗಬೇಕೇ ಎಂದು ಕೇಳುವ ರೋಗಿಗೆ ಸಮಾಧಾನ ಹೇಳಿದರು. ತಜ್ಞರ ಮೇಜಿನಿಂದ ಇಳಿದ ಭಾರ ಹೀಗೆ ದಾದಿಯರ ಹೆಗಲಿಗೆ ಬಂತು. ರೋಗವಿದೆಯೋ ಇಲ್ಲವೋ ಹೇಳುವ ಅಧಿಕಾರ ಮಾತ್ರ ಅವರಿಗೆ ಬರಲಿಲ್ಲ.

2016ರಲ್ಲಿ ಟೊರಾಂಟೊದ ಸಭೆಯೊಂದರಲ್ಲಿ ಜೆಫ್ರಿ ಹಿಂಟನ್, ರೇಡಿಯಾಲಜಿಸ್ಟರಿಗೆ ತರಬೇತಿ ಕೊಡುವುದನ್ನು ಈಗಿಂದೀಗಲೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರ ಅವರನ್ನು ಮೀರಿಸುವುದು ಖಂಡಿತ ಎಂದಿದ್ದರು. ಅವರು ಯಂತ್ರಕಲಿಕೆಯ ಪಿತಾಮಹರಲ್ಲೊಬ್ಬರು, 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಅವರ ತಪ್ಪು ಯಂತ್ರದ ಬಗ್ಗೆ ಆಗಿರಲಿಲ್ಲ. ಸ್ವೀಡನ್ನಿನಲ್ಲಿ 80,000 ಮಹಿಳೆಯರ ಸ್ತನ ತಪಾಸಣೆಯಲ್ಲಿ ನಡೆದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂದಾಗ, ಎಐ ನೆರವಿನಿಂದ ಚಿತ್ರ ಓದುವ ಹೊರೆ ಶೇ. 44ರಷ್ಟು ಇಳಿದಿತ್ತು, ಪತ್ತೆಯಾದ ಕ್ಯಾನ್ಸರುಗಳ ಸಂಖ್ಯೆ ಇಳಿದಿರಲಿಲ್ಲ. ಆದರೂ ರೇಡಿಯಾಲಜಿಸ್ಟರ ಕೊರತೆ ಹಲವೆಡೆ ಮುಂದುವರಿದಿದೆ. ಹಿಂಟನ್ ನೋಡಿದ್ದು ಒಂದು ಚಿತ್ರ ಓದುವ ಕೆಲಸವನ್ನು. ಯಾವ ಸ್ಕ್ಯಾನ್ ಬೇಕೆಂದು ನಿರ್ಧರಿಸುವುದು, ಹಳೆಯ ಚಿತ್ರದೊಂದಿಗೆ ಹೋಲಿಸುವುದು, ಸೂಜಿ ಹಾಕಿ ಮಾದರಿ ತೆಗೆಯುವುದು, ಶಸ್ತ್ರಚಿಕಿತ್ಸಕರ ಜತೆ ಚರ್ಚಿಸುವುದು, ಕೊನೆಗೆ ವರದಿಗೆ ಸಹಿ ಹಾಕಿ ಹೊಣೆ ಹೊರುವುದು ಇವೆಲ್ಲ ಸೇರಿದ್ದು ವೃತ್ತಿ. ಓದುವುದು ಅಗ್ಗವಾದರೆ ಸ್ಕ್ಯಾನ್ ಬರೆಯುವುದೂ ಹೆಚ್ಚುತ್ತದೆ. ಇನ್ನು ಚಿಕಿತ್ಸೆಯ ದಾಖಲೆಗಳು ಗಣಕಕ್ಕೆ ಹೋದಾಗ ವೈದ್ಯರೇ ಗುಮಾಸ್ತರಾದದ್ದು ಗೊತ್ತಿರುವ ಸಂಗತಿ. 2016ರಲ್ಲಿ ಪ್ರಕಟವಾದ, ಅಮೆರಿಕದ 57 ವೈದ್ಯರನ್ನು ಗಡಿಯಾರ ಹಿಡಿದು ಗಮನಿಸಿದ ಅಧ್ಯಯನದಲ್ಲಿ, ರೋಗಿಯ ಮುಂದೆ ಕಳೆದ ಪ್ರತಿ ಒಂದು ಗಂಟೆಗೆ ಕಂಪ್ಯೂಟರ್ ಮತ್ತು ಮೇಜಿನ ಕೆಲಸಕ್ಕೆ ಹತ್ತಿರ ಹತ್ತಿರ ಎರಡು ಗಂಟೆ ಹೋಗಿತ್ತು.

ಇಲ್ಲಿ ಒಬ್ಬ ಜಾಣ ಓದುಗ ಅಡ್ಡ ಮಾತಾಡಬಹುದು: ಎಲ್ಲ ಕೆಲಸವೂ ಜಾಗ ಬದಲಿಸುತ್ತದೆ ಎನ್ನುವುದು ಕೆಲಸ ಕಳೆದುಕೊಂಡವರಿಗೆ ಹೇಳುವ ನಯವಾದ ಸುಳ್ಳಲ್ಲವೇ? ಕೆಲವು ವೃತ್ತಿಗಳು ನಿಜವಾಗಿ ಅಳಿದಿವೆಯಲ್ಲ? ಅಳಿದಿವೆ. ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ಯುವತಿಯರಿಗೆ ಟೆಲಿಫೋನ್ ಆಪರೇಟರ್ ಹುದ್ದೆ ಬಹು ಸಾಮಾನ್ಯವಾದ ಉದ್ಯೋಗಗಳಲ್ಲಿ ಒಂದಾಗಿತ್ತು. ಆಲ್ಮನ್ ಸ್ಟ್ರೌಜರ್ ಕಂಡುಹಿಡಿದ ಸ್ವಯಂಚಾಲಿತ ವಿನಿಮಯ ಕೇಂದ್ರ 1892ರಲ್ಲೇ ಇಂಡಿಯಾನಾದ ಲಾ ಪೋರ್ಟ್ ಪಟ್ಟಣದಲ್ಲಿ ಶುರುವಾಗಿತ್ತು. ಆದರೆ ದೊಡ್ಡ ಕಂಪನಿ ಎಟಿ ಆ್ಯಂಡ್ ಟಿ ಅದನ್ನು ಊರೂರಿಗೆ ಹಬ್ಬಿಸಿದ್ದು 1920ರ ನಂತರ. ಜೇಮ್ಸ್ ಫೈಗೆನ್‌ಬಾಮ್ ಮತ್ತು ಡೇನಿಯಲ್ ಗ್ರಾಸ್ ಎಂಬ ಅರ್ಥಶಾಸ್ತ್ರಜ್ಞರು ಜನಗಣತಿಯ ದಾಖಲೆಗಳಲ್ಲಿ ಆ ಹೆಣ್ಣುಮಕ್ಕಳನ್ನು ಹಿಂಬಾಲಿಸಿದರು. ಡಯಲ್ ಬಂದ ಊರುಗಳಲ್ಲಿ ಮುಂದಿನ ಪೀಳಿಗೆಯ ಯುವತಿಯರಿಗೆ ಹಾನಿಯಾಗಲಿಲ್ಲ. ಅವರು ಕಚೇರಿ, ಹೋಟೆಲುಗಳಲ್ಲಿ ಕೆಲಸ ಕಂಡುಕೊಂಡರು. ಆಗ ಆ ಹುದ್ದೆಯಲ್ಲಿದ್ದವರು ಮಾತ್ರ, ಹತ್ತು ವರ್ಷದ ಬಳಿಕ ನೋಡಿದರೆ, ಒಂದೋ ದುಡಿಮೆಯಿಂದಲೇ ಹೊರಗಿರುವ, ಇಲ್ಲವೇ ಕಡಿಮೆ ಸಂಬಳದ ಕೆಲಸದಲ್ಲಿರುವ ಸಾಧ್ಯತೆ ಹೆಚ್ಚಿತ್ತು. ಆದ್ದರಿಂದ ಸಮಾಜ ಹೊಂದಿಕೊಂಡಿತು ಎಂಬ ಮಾತು ನಿಜ, ಆ ಹೆಂಗಸರು ಹೊಂದಿಕೊಂಡರು ಎಂಬುದು ನಿಜವಲ್ಲ. ನನ್ನ ವಾದ ಇದರಿಂದ ಬೀಳುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ನಂಬರು ಜೋಡಿಸುವ ಕೆಲಸ ಗಾಳಿಯಲ್ಲಿ ಕರಗಲಿಲ್ಲ. ಅರ್ಧ ಯಂತ್ರಕ್ಕೆ ಹೋಯಿತು, ಇನ್ನರ್ಧ ಡಯಲಿನ ತೂತಿಗೆ ಬೆರಳಿಟ್ಟು ತಿರುಗಿಸುವ ಕರೆಗಾರನಿಗೆ ಬಂತು. ಕೆಲಸದ ಜತೆ ಹೋಗದೆ ಉಳಿದದ್ದು ಆಪರೇಟರುಗಳ ಸಂಬಳ. ಅದು ಕಂಪನಿಯಲ್ಲೇ ಉಳಿಯಿತು.

ಎರಡನೆಯ ಆಕ್ಷೇಪ ತಾಳ್ಮೆಯದು. ಹೊಸತು ಬಂದಾಗ ಕೆಲವು ಕಾಲ ತೊಡಕು ಸಹಜ, ಕ್ರಮೇಣ ಎಲ್ಲ ಸರಿಹೋಗುತ್ತದೆ ಎನ್ನುವುದು. ಇದಕ್ಕೆ ಒಳ್ಳೆಯ ಸಾಕ್ಷ್ಯವೂ ಇದೆ. ಎಡಿಸನ್ನರ ವಿದ್ಯುತ್ ಕೇಂದ್ರ ನ್ಯೂಯಾರ್ಕಿನಲ್ಲಿ 1882ರಲ್ಲಿ ಶುರುವಾಯಿತು. ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದದ್ದು 1902ರಲ್ಲಿ. ಆದರೆ ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ ತೋರಿಸಿದಂತೆ, 1900ರ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳ ಯಂತ್ರಶಕ್ತಿಯಲ್ಲಿ ವಿದ್ಯುತ್ ಮೋಟಾರಿನ ಪಾಲು ಶೇ. 5 ಕೂಡ ಇರಲಿಲ್ಲ. ಉತ್ಪಾದಕತೆ ಜಿಗಿದದ್ದು 1920ರ ದಶಕದಲ್ಲಿ. ಹಳೆಯ ಕಾರ್ಖಾನೆಯಲ್ಲಿ ಒಂದು ದೊಡ್ಡ ಹಬೆಯಂತ್ರ, ಅದರಿಂದ ಮಾಡಿನುದ್ದಕ್ಕೂ ತಿರುಗುವ ಕಬ್ಬಿಣದ ದಂಡ, ದಂಡದಿಂದ ಪ್ರತಿ ಯಂತ್ರಕ್ಕೂ ಇಳಿಬಿದ್ದ ತೊಗಲಿನ ಪಟ್ಟಿ. ಮೊದಲು ಮಾಲೀಕರು ಮಾಡಿದ್ದು ಹಬೆಯಂತ್ರದ ಜಾಗದಲ್ಲಿ ದೊಡ್ಡ ಮೋಟಾರ್ ಇಟ್ಟದ್ದು, ಅಷ್ಟೆ. ದಂಡ, ಪಟ್ಟಿಗಳನ್ನೆಲ್ಲ ಕಿತ್ತು ಪ್ರತಿ ಯಂತ್ರಕ್ಕೂ ಸಣ್ಣ ಮೋಟಾರ್ ಜೋಡಿಸಿ, ಶಕ್ತಿಯ ಮೂಲಕ್ಕೆ ಯಾವುದು ಹತ್ತಿರ ಎಂದು ನೋಡದೆ ಕೆಲಸ ಸಾಗುವ ಕ್ರಮದಲ್ಲಿ ಯಂತ್ರಗಳನ್ನು ಸಾಲಾಗಿಟ್ಟಾಗ ಲಾಭ ಕಂಡಿತು. ನಡುವೆ ಸಂದದ್ದು ನಲವತ್ತು ವರ್ಷ, ಅಂದರೆ ಒಬ್ಬ ಮನುಷ್ಯನ ಪೂರಾ ದುಡಿಮೆಯ ಆಯಸ್ಸು. ಮೇಲಾಗಿ ಆ ಪಟ್ಟಿಗಳು ಕಾಲ ಬಂದಾಗ ತಾವಾಗಿ ಉದುರಲಿಲ್ಲ. ಕೆಲಸವನ್ನು ಮರುಜೋಡಿಸಲು ಯಾರೋ ತೀರ್ಮಾನಿಸಿದರು, ಅದಕ್ಕೆ ಹಣ ಹಾಕಿದರು. ಇವತ್ತು ಕಡತದ ನಕಲನ್ನೇ ಪರದೆಗೆ ಏರಿಸಿ, ಜತೆಗೆ ಕಡತವನ್ನೂ ಇಟ್ಟುಕೊಂಡಿರುವ ಕಚೇರಿಗಳು ಹಬೆಯಂತ್ರದ ಜಾಗದಲ್ಲಿ ಮೋಟಾರ್ ಇಟ್ಟ ಹಂತದಲ್ಲಿವೆ. ಎರಡೂ ಕಡೆ ಬರೆಯುತ್ತಿರುವ ನೌಕರನಿಗೆ ತಾಳ್ಮೆಯ ಉಪದೇಶ ಮಾಡಿ ಫಲವಿಲ್ಲ.

ಉಳಿದ ಆಕ್ಷೇಪ, ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ತೂಕದ್ದು: ಇದುವರೆಗಿನ ಯಂತ್ರಗಳು ಕೈಯ ಕೆಲಸ, ಎಣಿಕೆಯ ಕೆಲಸ ತೆಗೆದುಕೊಂಡವು, ಎಐ ತೆಗೆದುಕೊಳ್ಳುತ್ತಿರುವುದು ವಿವೇಚನೆಯನ್ನೇ, ಆದ್ದರಿಂದ ಹಳೆಯ ಉದಾಹರಣೆಗಳು ನಡೆಯವು. ಭಾಗಶಃ ಒಪ್ಪುತ್ತೇನೆ. ಗ್ರಾಹಕ ಸೇವೆಯಲ್ಲಿದ್ದ 5,000ಕ್ಕೂ ಹೆಚ್ಚು ನೌಕರರನ್ನು ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಸಂಗಡಿಗರು ಅಧ್ಯಯನ ಮಾಡಿದಾಗ, ಗ್ರಾಹಕರಿಗೆ ಏನು ಉತ್ತರಿಸಬಹುದೆಂದು ಸೂಚಿಸುವ ಎಐ ಬಂದ ಮೇಲೆ ಸರಾಸರಿ ಉತ್ಪಾದಕತೆ ಶೇ. 15ರ ಹತ್ತಿರ ಏರಿತು. ಹೊಸಬರಲ್ಲಿ ಅದು ಶೇ. 30ನ್ನೂ ಮೀರಿತು, ನುರಿತವರಲ್ಲಿ ಏರಿಕೆ ಇಲ್ಲವೆನ್ನುವಷ್ಟು. ಬೆಂಗಳೂರಿನಂಥ ಊರಿಗೆ ಇದು ಮೈಮುಟ್ಟುವ ಅಂಕಿ. ಆ ತಂತ್ರಾಂಶ ಯಾವುದರಿಂದ ಕಲಿತಿತ್ತು? ಹಳೆಯ ಸಂಭಾಷಣೆಗಳಿಂದ, ಅದರಲ್ಲೂ ಉತ್ತಮ ನೌಕರರು ಬಳಸುತ್ತಿದ್ದ ಮಾತುಗಾರಿಕೆಯಿಂದ. ಅಂದರೆ ನುರಿತವರ ವಿವೇಚನೆ ಅವರಿಂದ ಕಳಚಿ, ಯಂತ್ರದ ಮೂಲಕ, ಹೊಸಬರ ಪರದೆಗೆ ಬಂದಿದೆ. ಇಲ್ಲೂ ನಡೆದಿರುವುದು ಸ್ಥಳಾಂತರವೇ. ಲೆಕ್ಕಿಗರ ಪೆಟ್ಟಿಗೆಯಿಂದ ಹೊರಬರದಿದ್ದ ಬಗೆಯ ಜ್ಞಾನ ಈ ಸಲ ಹೊರಬಂದಿದೆ. ಅದನ್ನು ಕೊಟ್ಟವರಿಗೆ ಏನು ಸಲ್ಲಬೇಕು ಎಂಬುದಕ್ಕೆ ಸಂಬಳದ ಚೀಟಿಯಲ್ಲಿ ಸದ್ಯ ಯಾವ ಕಾಲಮ್ಮೂ ಇಲ್ಲ. ಹಾಗೆಂದು ನುರಿತವರಿಗೆ ಯಂತ್ರ ಯಾವಾಗಲೂ ನೆರವಾಗುತ್ತದೆಂದೂ ಇಲ್ಲ. 2025ರಲ್ಲಿ ಮೆಟ್ರ್ ಎಂಬ ಸಂಸ್ಥೆ 16 ಅನುಭವಿ ಪ್ರೋಗ್ರಾಮರುಗಳಿಗೆ ಅವರು ಚೆನ್ನಾಗಿ ಬಲ್ಲ ತಂತ್ರಾಂಶಗಳಲ್ಲೇ ಕೆಲಸ ಕೊಟ್ಟು ನೋಡಿದಾಗ, ಎಐ ಬಳಸಿದಾಗ ಅವರಿಗೆ ಶೇ. 19 ಹೆಚ್ಚು ಸಮಯ ಹಿಡಿಯಿತು. ಸ್ವಾರಸ್ಯವೆಂದರೆ, ಮುಗಿದ ಮೇಲೂ ಅವರು ತಾವು ಬೇಗ ಮುಗಿಸಿದೆವೆಂದೇ ನಂಬಿದ್ದರು. ಬರೆಯುವ ಶ್ರಮ ಯಂತ್ರಕ್ಕೆ ಹೋಗಿತ್ತು, ಅದು ಬರೆದದ್ದನ್ನು ಓದಿ, ತಿದ್ದಿ, ಪರೀಕ್ಷಿಸುವ ಶ್ರಮ ಬಂದು ಸೇರಿತ್ತು.

ಒಂದು ಸಂಗತಿ ಮಾತ್ರ ನನ್ನ ವಾದದ ಚೌಕಟ್ಟಿಗೆ ಪೂರ್ತಿ ಒಗ್ಗುವುದಿಲ್ಲ. ಸ್ಥಳಾಂತರವಾದ ಕೆಲಸವನ್ನು ಬೇಕೆಂದಾಗ ವಾಪಸ್ ಪಡೆಯಬಹುದು ಎಂದು ನಾವು ಭಾವಿಸಿರುತ್ತೇವೆ. ಮನಃಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ 1983ರಲ್ಲೇ ಸ್ವಯಂಚಾಲನೆಯ ವಿಪರ್ಯಾಸಗಳ ಬಗ್ಗೆ ಬರೆಯುತ್ತ ಇದನ್ನು ಶಂಕಿಸಿದ್ದರು. ಸುಲಭದ್ದನ್ನೆಲ್ಲ ಯಂತ್ರ ಮಾಡಿ ಕಷ್ಟದ ಗಳಿಗೆಯನ್ನು ಮನುಷ್ಯನಿಗೆ ಬಿಡುತ್ತದೆ, ಸುಲಭದ್ದನ್ನು ಮಾಡುತ್ತಲೇ ಉಳಿಸಿಕೊಳ್ಳಬೇಕಾಗಿದ್ದ ಪಳಗುವಿಕೆ ಅಷ್ಟರಲ್ಲಿ ಹೋಗಿರುತ್ತದೆ. 2025ರಲ್ಲಿ ಪೋಲೆಂಡಿನ ನಾಲ್ಕು ಕೇಂದ್ರಗಳಿಂದ ಬಂದ ವರದಿ ಈ ಶಂಕೆಗೆ ಅಂಕಿ ಒದಗಿಸಿತು. ದೊಡ್ಡಕರುಳಿನೊಳಗೆ ಕ್ಯಾಮೆರಾ ಹಾಯಿಸಿ, ಮುಂದೆ ಕ್ಯಾನ್ಸರ್ ಆಗಬಲ್ಲ ಗಂಟುಗಳನ್ನು ಹುಡುಕುವ ವೈದ್ಯರಿಗೆ ಪರದೆಯ ಮೇಲೆ ಗುರುತು ಮಾಡಿ ತೋರಿಸುವ ಎಐ ಕೊಡಲಾಗಿತ್ತು. ಕೆಲವು ಪರೀಕ್ಷೆಗಳು ಅದರೊಂದಿಗೆ, ಕೆಲವು ಅದಿಲ್ಲದೆ ನಡೆದವು. ಅದಿಲ್ಲದೆ ನಡೆದ ಪರೀಕ್ಷೆಗಳನ್ನಷ್ಟೇ ತೆಗೆದುಕೊಂಡು ನೋಡಿದರೆ, ಎಐ ಬರುವ ಮುಂಚೆ ನೂರಕ್ಕೆ 28.4 ಪರೀಕ್ಷೆಗಳಲ್ಲಿ ಗಂಟು ಸಿಗುತ್ತಿತ್ತು, ಎಐ ರೂಢಿಯಾದ ಮೇಲೆ 22.4ರಲ್ಲಿ. ಇದು ಯಾದೃಚ್ಛಿಕ ಪ್ರಯೋಗವಲ್ಲ, ಆದ್ದರಿಂದ ಬೇರೆ ಕಾರಣಗಳೂ ಇರಬಹುದು. ಆದರೂ ಆ ವೈದ್ಯರು ಕಣ್ಣಿನ ಒಂದು ಬಗೆಯ ಎಚ್ಚರವನ್ನು ಯಂತ್ರಕ್ಕೆ ಒಪ್ಪಿಸಿದ್ದರೆ, ಯಂತ್ರವನ್ನು ಆರಿಸಿದ ದಿನ ಅದು ಮರಳಿ ಬಂದಿರಲಿಲ್ಲ ಎಂಬ ಅನುಮಾನಕ್ಕೆ ಈ ಅಂಕಿ ಸಾಕು. ಅವರು ತಲಾ 2,000ಕ್ಕಿಂತ ಹೆಚ್ಚು ಪರೀಕ್ಷೆ ಮಾಡಿ ಕೈ ಪಳಗಿದವರು. ಹಾಗಾಗಿ ಅವರ ಕಣ್ಣು ಎಷ್ಟು ಇಳಿಯಿತೆಂದು ಅಳೆಯಲು ಹಳೆಯ ಅಂಕಿ ಇತ್ತು. ಮೊದಲ ದಿನದಿಂದಲೇ ಪರದೆಯ ಗುರುತು ನೋಡುತ್ತ ಕಲಿಯುವವರ ಬಗ್ಗೆ ಅಂಥ ಲೆಕ್ಕ ಹಾಕಲು ಬರುವುದಿಲ್ಲ, ಹೋಲಿಸಿ ನೋಡಲು ಅವರಿಗೆ ಯಂತ್ರದ ಮುಂಚಿನ ಅಂಕಿಯೇ ಇರುವುದಿಲ್ಲ.